ಹುಳದ ಮನೆಗೆ ಒಲ್ಲದ ಕೈ

ಹೊಂಗನೂರು
2 ಜನವರಿ 2011

ಹಾರೋಹಳ್ಳಿಯಲ್ಲಿ ರೂಮು ಮಾಡಿಕೊಂಡು ಕೂತಿರುವ ನಮ್ಮ ಮನೆಯವರಿಗೆ,

ನಾಗಲಕ್ಷ್ಮಿ ಬರೆಯುವುದು. ಇಲ್ಲಿ ನಾನು ಕ್ಷೇಮ. ರೇಷ್ಮೆಹುಳಗಳೂ ಕ್ಷೇಮ, ಮೂರನೇ ಜ್ವರ ಮುಗಿಸಿ, ಪೊರೆ ಕಳಚಿ ಎದ್ದು ಸೊಪ್ಪಿಗೆ ಬಾಯಿ ಹಾಕಿವೆ. ನಿಮ್ಮ ಕ್ಷೇಮ ಮಾತ್ರ ಕೇಳುವುದಿಲ್ಲ. ಮೊನ್ನೆ ಶುಕ್ರವಾರ ನಿಮ್ಮ ರೂಮಿಗೆ ಬಂದು ಕಣ್ಣಾರೆ ನೋಡಿ ಆಗಿದೆ.

ಹೌದು, ಬಂದಿದ್ದೆ. ನೀವು ಶಿಫ್ಟಿನಲ್ಲಿದ್ದಿರಿ. ಕಾಯಬಹುದಿತ್ತು, ಕಾಯಲಿಲ್ಲ. ಯಾಕೆ ಅನ್ನುವುದನ್ನು ಮುಂದೆ ಬರೆಯುತ್ತೇನೆ. ಫೋನಿನಲ್ಲೂ ಹೇಳಬಹುದಿತ್ತು. ಆದರೆ ನೀವು ಫೋನು ಹಿಡಿದರೆ ಹೂಂ, ಊಹೂಂ ಅಂತ ಎರಡೇ ಮಾತಿನಲ್ಲಿ ವ್ಯವಹಾರ ಮುಗಿಸುವವರು. ಕಾಗದವಾದರೆ ನಾನು ಮುಗಿಸುವ ತನಕ ನೀವು ಕೇಳಲೇಬೇಕು.

ದೀಪಾವಳಿಗೆ ಬಂದಾಗಲೇ ನಿಮ್ಮ ಕೈಯನ್ನು ನಾನು ಸರಿಯಾಗಿ ನೋಡಿದ್ದು. ಬೇಸಿಗೆಯ ಕೆರೆ ಅಂಗಳದ ಹಾಗೆ ಬಿರುಕು, ಬೆರಳ ಸಂದಿಯಲ್ಲಿ ಕೆಂಪು, ಉಪ್ಪಿನಕಾಯಿ ಮುಟ್ಟಿದರೆ ಹಲ್ಲು ಕಚ್ಚುತ್ತಿದ್ದಿರಿ. ಚನ್ನಪಟ್ಟಣದ ಚರ್ಮದ ಡಾಕ್ಟರಮ್ಮನ ಹತ್ತಿರ ನಿಮ್ಮನ್ನು ಎಳೆದುಕೊಂಡು ಹೋದವಳು ನಾನೇ. ಆಯಮ್ಮ, ಕೈಗೆ ಏನೇನು ತಾಗುತ್ತೆ ಎಂದು ಕೇಳಿದಾಗ ನೀವು ಫ್ಯಾನು ನೋಡುತ್ತಾ, ಕಾರ್ಖಾನೆಯ ಥಿನ್ನರ್ ಅಂದಿರಿ. ಅಷ್ಟೇ. ಆಯಮ್ಮ ಅದಕ್ಕೆ ತಕ್ಕ ಹಾಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಪೇಂಟಿನ ಹತ್ತಿರ ಹೋಗಬೇಡಿ, ಹೋಗಲೇಬೇಕಾದರೆ ಒಳಗೆ ಬಟ್ಟೆ ಗ್ಲೌಸು, ಹೊರಗೆ ರಬ್ಬರು. ಕುದಿಯುವ ನೀರು ಬೇಡ, ಬಟ್ಟೆ ಸೋಪು ಬೇಡ. ಕೈ ತೊಳೆದ ಮೇಲೆ ಪೂರ್ತಿ ಒಣಗುವ ಮೊದಲೇ ಮುಲಾಮು. ಮಲಗುವಾಗ ಇನ್ನೂ ದಪ್ಪಗೆ. ಚರ್ಮ ಅನ್ನುವುದು ಔಷಧಿಗಿಂತ ಅಭ್ಯಾಸಕ್ಕೆ ಒಲಿಯುತ್ತೆ, ದಿನಾ ಮಾಡಿ ಅಂದರು. ನೀವು ಕೋಲೆಬಸವನ ಹಾಗೆ ತಲೆಯಾಡಿಸಿದಿರಿ. ಅವತ್ತು ಹಾರೋಹಳ್ಳಿಗೆ ಹೋದವರು ತಿರುಗಿ ಬರಲಿಲ್ಲ.

ವರ್ಷದ ಕೊನೆ ಅಂತ ಟಿವಿಯಲ್ಲಿ ಒಬ್ಬಳು ಹೊಸ ವರ್ಷಕ್ಕೆ ಚರ್ಮ ಕಾಪಾಡಿಕೊಳ್ಳುವುದು ಹೇಗೆ ಎಂದು ಹೇಳುತ್ತಾ ಮುಖದ ತುಂಬ ಸೌತೆಕಾಯಿ ಬಿಲ್ಲೆ ಅಂಟಿಸಿಕೊಂಡು ಮಲಗಿದ್ದಳು. ಸೊಪ್ಪು ಕತ್ತರಿಸುವ ನಮ್ಮ ಕೆಂಚಮ್ಮ ಅದನ್ನು ನೋಡಿ, "ಒಸಿ ಹೆಸರುಬ್ಯಾಳೆ ಉದುರ್ಸುದ್ರೆ ಕೋಸಂಬ್ರಿ ಆಯ್ತದೆ ಕಣಕ್ಕೋ" ಅಂದಳು. ನಾನೂ ನಕ್ಕೆ. ಆಮೇಲೆ ನಗು ಬರಲಿಲ್ಲ. ಹೊಸ ವರ್ಷಕ್ಕೆ ಊರವರೆಲ್ಲ ಮುಖದ ಕಾಂತಿ ನೋಡಿಕೊಳ್ಳುತ್ತಿದ್ದಾರೆ, ನಮ್ಮ ಮನೆಯ ಗಂಡಸಿನ ಕೈಯಲ್ಲಿ ತುತ್ತು ನಿಲ್ಲುತ್ತಿಲ್ಲ. ನಿಮ್ಮ ಕಾರ್ಖಾನೆಯವರು ಗ್ಲೌಸು ಕೊಡದೆ ದುಡಿಸುತ್ತಿದ್ದಾರೆ ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಚನ್ನಪಟ್ಟಣ, ರಾಮನಗರ, ಕನಕಪುರ ಅಂತ ಬಸ್ಸು ಬದಲಾಯಿಸುತ್ತಾ, ಅವರಿಗೆ ಯಾವ ಮಾತು ಮೊದಲು, ಯಾವ ಬೈಗುಳ ಆಮೇಲೆ ಅಂತ ಸಾಲಾಗಿ ಜೋಡಿಸಿಕೊಂಡು ಬಂದೆ.

ಕಾರ್ಖಾನೆಯ ಗೇಟಿನಲ್ಲಿ ಸಿಕ್ಕಿದ್ದು ನಿಮ್ಮ ಪಕ್ಕದ ರೂಮಿನ ಮುಕ್ತಿಯಾರ್, ಸ್ಟೋರಿನವರು. ಜೋಡಿಸಿಕೊಂಡಿದ್ದನ್ನೆಲ್ಲ ಪಾಪ ಅವರ ತಲೆಗೇ ಸುರಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಅಕ್ಕಾ, ಗ್ಲೌಸ್ ಬೇಕಂದ್ರೆ ಒಂದು ಡಜನ್ ಈಗ್ಲೇ ತಗೊಂಡೋಗಿ. ಆದ್ರೆ ಅಣ್ಣಂಗೆ ಯಾಕೆ? ದೀಪಾವಳಿ ಆದ ವಾರಾನೇ ಪೇಂಟಿಂಗ್ ಬೇಡ ಅಂತ ಅವ್ರೇ ಬರ್ಕೊಟ್ಟು ಪ್ಯಾಕಿಂಗಿಗೆ ಬಂದವ್ರಲ್ಲ. ರಟ್ಟಿನ ಡಬ್ಬಕ್ಕೆ ಟೇಪ್ ಅಂಟ್ಸಿದ್ರೆ ಕೈ ಸುಡ್ತದಾ?" ಅಂದರು.

ಎರಡು ತಿಂಗಳಿಂದ ಥಿನ್ನರ್ ಮುಟ್ಟಿಲ್ಲ. ಹಾಗಾದರೆ ಕೈ ವಾಸಿಯಾಗಿರಬೇಕಲ್ಲ ಎಂದು ಕೇಳಿದೆ. ಎಲ್ಲಿ ವಾಸಿ, ಡಬ್ಬದ ಟೇಪಿನ ಮೇಲೆ ರಕ್ತದ ಗುರುತು ಆಗುತ್ತೆ ಅಂತ ಮೇಸ್ತ್ರಿ ಬೈಯುತ್ತಾನೆ ಅಂದರು. ನನ್ನ ಸ್ವಭಾವ ನಿಮಗೆ ಗೊತ್ತು. ಲೆಕ್ಕ ತಾಳೆಯಾಗದಿದ್ದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಅಣ್ಣನ ರೂಮು ತೋರಿಸಿ ಅಂದೆ. ಬೀಗದ ಕೈ ಅವರ ಹತ್ತಿರವೂ ಒಂದು ಇತ್ತಲ್ಲ.

ಬಾಗಿಲು ತೆಗೆದ ಕೂಡಲೇ ಮೂಗಿಗೆ ಬಡಿಯಿತು. ಆ ವಾಸನೆಯನ್ನು ನನಗೆ ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಬಚ್ಚಲಲ್ಲಿ ಬಕೆಟ್ಟು, ತಳದಲ್ಲಿ ಬಿಳಿ ಗಷ್ಟು. ಪಕ್ಕದಲ್ಲಿ ಬ್ಲೀಚಿಂಗ್ ಪೌಡರಿನ ಪೊಟ್ಟಣ, ನಮ್ಮ ಹುಳದ ಮನೆ ತೊಳೆಯಲು ನಾನು ತರಿಸುವಂಥದ್ದೇ. ಡಾಕ್ಟರಮ್ಮ ಕೊಟ್ಟ ಮುಲಾಮಿನ ಡಬ್ಬಿ ಕಿಟಕಿಯಲ್ಲಿತ್ತು, ಸೀಲು ಕೂಡ ಒಡೆದಿರಲಿಲ್ಲ.

ಇದೇನು ಅಂತ ಮುಕ್ತಿಯಾರ್ ಅವರನ್ನು ಕೇಳಿದೆ. ಅವರು ನೆಲ ನೋಡಿಕೊಂಡು, "ಡ್ಯೂಟಿ ಮುಗಿಸಿ ಬಂದ್ರೆ ಇದ್ರಲ್ಲಿ ಕೈ ಮುಳುಗ್ಸಿ ಕೂತ್ಕೋತಾರೆ ಅಕ್ಕಾ. ಉರಿ ತಡೀಲಾರ್ದೆ ಕಣ್ಣಲ್ಲಿ ನೀರು. ಯಾಕಣ್ಣಾ ಅಂದ್ರೆ, ಮನೆಗೆ ಹೋಗ್ಬೇಕಲ್ಲಪ್ಪ ಅಂತಾರೆ" ಅಂದರು.

ಅದಕ್ಕೇ ನಾನು ಕಾಯಲಿಲ್ಲ. ನೀವು ಬಂದಿದ್ದರೆ ನಾನು ಏನು ಮಾತಾಡುತ್ತಿದ್ದೆನೋ ನನಗೇ ಗೊತ್ತಿರಲಿಲ್ಲ. ಮಾತು ಗೊತ್ತಿಲ್ಲದೆ ನಿಲ್ಲುವುದು ನನಗೆ ಅಭ್ಯಾಸವಿಲ್ಲ.

ಈಗ ಗೊತ್ತಿದೆ, ಬರೆಯುತ್ತೇನೆ. ಗೌರಿಹಬ್ಬದ ಹುಳದ ಬೆಳೆಯಲ್ಲಿ ನೀವು ಡ್ಯೂಟಿಯಿಂದ ನೇರ ಬಂದು ಒಳಗೆ ಕಾಲಿಡುವಾಗ, "ಅಲ್ಲೇ ನಿಂತ್ಕಳಿ, ಥಿನ್ನರ್ ನಾತ ಬಾಗ್ಲಿಗೇ ಹೊಡೀತೈತೆ, ಹುಳ ಸೊಪ್ಪು ಬುಟ್ಬುಡ್ತವೆ" ಅಂದೆ. ಕೆಂಚಮ್ಮ, "ಯಜಮಾನ್ರಿಗೆ ಪಾಸ್ ಇಲ್ವಾ ಅಕ್ಕಾ?" ಅಂತ ಕಿಸಕ್ಕನೆ ನಕ್ಕಳು. ನೀವೂ ನಕ್ಕಿರಿ. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಆಮೇಲೆ ದೀಪಾವಳಿಯ ತನಕ ಪ್ರತಿ ಭಾನುವಾರ ಬಂದು ಬಾಗಿಲ ಟಬ್ಬಿನಲ್ಲಿ ಕೈ ತೊಳೆದು, ಸ್ಕೂಲು ಹುಡುಗನ ಹಾಗೆ ಎರಡೂ ಅಂಗೈಯನ್ನು ನನ್ನ ಮೂಗಿನ ಕೆಳಗೆ ಹಿಡಿದು, "ಈಗ ನೋಡು" ಅನ್ನುತ್ತಿದ್ದಿರಿ. ನಾನು ಮೂಸಿ, "ಇನ್ನೂ ಐತೆ" ಅನ್ನುತ್ತಿದ್ದೆ.

ಇನ್ನೂ ಇತ್ತು. ಸುಳ್ಳು ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಹುಳದ ಮನೆಗೆ ಒಂದು ಕಟ್ಟುಪಾಡು ಇರುತ್ತೆ. ವಾಸನೆ ಸೋಪಿಲ್ಲ, ಪೌಡರಿಲ್ಲ, ಊದುಬತ್ತಿಯಿಲ್ಲ, ತಲೆಗೆ ಎಣ್ಣೆ ಹಚ್ಚಿದ ಕೈಯಿಲ್ಲ. ಕೆಂಚಮ್ಮನ ಮನೆ ಜಗುಲಿಯಲ್ಲಿ ಎರಡು ತಟ್ಟೆ ಹುಳ ಇಟ್ಟುಕೊಂಡು ಶುರು ಮಾಡಿದವಳು ಇವತ್ತು ಮನೆ ತುಂಬ ರ್ಯಾಕು ಕಟ್ಟಿದ್ದೇನೆ ಅಂದರೆ ಆ ಕಟ್ಟುಪಾಡಿನಿಂದ. ಅದು ನಿಮಗೂ ಒಂದೇ, ನನಗೂ ಒಂದೇ.

ಆದರೆ ರೀ, ಅದನ್ನು ಪಾಲಿಸುವ ರೀತಿ ಇದೇನಾ? ನಾನು ಬಾಗಿಲ ಟಬ್ಬಿಗೆ ಬ್ಲೀಚಿಂಗ್ ಪೌಡರು ಹಾಕುವುದು ಒಂದೇ ಚಿಟಿಕೆ. ಕೈ ಅದ್ದಿ ತೆಗೆದು ಬೇರೆ ನೀರಲ್ಲಿ ತೊಳೆಯುತ್ತೇವೆ. ನೀವು ಇಲ್ಲದ ನಾತ ಕಳೆಯಲು ಪಾಯಸಕ್ಕೆ ಸಕ್ಕರೆ ಸುರಿದ ಹಾಗೆ ಸುರಿದುಕೊಂಡು ಕೂತಿದ್ದೀರಿ! ಗೋಡೆ ತೊಳೆಯುವ ಪೌಡರು ಅದು. ಡಾಕ್ಟರಮ್ಮನ ಮುಂದೆ ಥಿನ್ನರ್ ಅಂತ ಅರ್ಧ ಹೇಳಿ ಉಳಿದರ್ಧ ನುಂಗಿದಿರಲ್ಲ, ಆಯಮ್ಮ ಯಾವುದಕ್ಕೆ ಔಷಧಿ ಕೊಡಬೇಕು? ಪೇಂಟಿಂಗ್ ಬಿಟ್ಟಿದ್ದನ್ನು ನನಗೆ ಒಂದು ಮಾತು ಹೇಳಬಾರದಿತ್ತೇ? ಹೂಂ, ಊಹೂಂ ಜೊತೆಗೆ ಇನ್ನೊಂದು ಮಾತು ಖರ್ಚು ಮಾಡಿದ್ದರೆ ಬಾಯಿ ಸವೆಯುತ್ತಿತ್ತೇ? ಬಸ್ಸಿನಲ್ಲಿ ವಾಪಸು ಬರುವಾಗ ಸಿಟ್ಟಿಗೆ ಟಿಕೆಟ್ಟನ್ನು ಹರಿದು ಹಾಕಿದ್ದೆ, ಚೆಕಿಂಗಿನವನು ಹತ್ತಿ ನನ್ನನ್ನು ಎಲ್ಲರ ಮುಂದೆ ನಿಲ್ಲಿಸಿದ. ಅದನ್ನೂ ನಿಮ್ಮ ತಲೆ ಮೇಲೇ ಹಾಕುತ್ತೇನೆ.

ಇನ್ನು ಕೇಳಿ. ಆ ಪೊಟ್ಟಣ ನನ್ನ ಚೀಲದಲ್ಲಿ ಹೊಂಗನೂರಿಗೆ ಬಂದಿದೆ, ಹುಡುಕಬೇಡಿ. ಬಕೆಟ್ಟು ತೊಳೆದು ಕವುಚಿ ಹಾಕಿದ್ದೇನೆ. ಮುಲಾಮಿನ ಡಬ್ಬಿಯ ಸೀಲು ಒಡೆದು ನಿಮ್ಮ ರೇಡಿಯೋ ಮೇಲೆ ಇಟ್ಟಿದ್ದೇನೆ, ನೀವು ದಿನವೂ ಮರೆಯದೆ ಕಿವಿ ಹಿಂಡುವುದು ಅದೊಂದನ್ನೇ. ಮೊದಲು ಕೈಗೆ ಹಚ್ಚಿ, ಆಮೇಲೆ ಹಾಡು. ಹಚ್ಚಿದ ಮೇಲೆ ಹಾಕಿಕೊಳ್ಳಲು ಬಟ್ಟೆ ಗ್ಲೌಸನ್ನು ದಿಂಬಿನ ಅಡಿಯಲ್ಲಿ ಇಟ್ಟಿದ್ದೇನೆ. ಬೆಳಿಗ್ಗೆ ಸ್ನಾನವಾದ ಮೇಲೆ ಒಂದು ಸಲ, ಊಟಕ್ಕೆ ಕೈ ತೊಳೆದಾಗಲೆಲ್ಲ ಒಂದು ಸಲ. ಮುಕ್ತಿಯಾರ್ ಅವರಿಗೆ ನೋಡಿಕೊಳ್ಳಿ ಅಂತ ಹೇಳಿ ಬಂದಿದ್ದೇನೆ. ಇದರಲ್ಲಿ ನಾಚಿಕೆ ಪಡುವಂಥದ್ದು ಏನಿಲ್ಲ. ಟಿವಿಯವಳ ಹಾಗೆ ಸೌತೆಕಾಯಿ ಅಂಟಿಸಿಕೊಳ್ಳಿ ಅನ್ನುತ್ತಿಲ್ಲವಲ್ಲ.

ಡಾಕ್ಟರಮ್ಮನಿಗೆ ನಿನ್ನೆ ಹೋಗಿ ಉಳಿದರ್ಧವನ್ನು ನಾನೇ ಹೇಳಿದೆ. ನನ್ನನ್ನು ಚೆನ್ನಾಗಿ ಬೈದರು. ನಿಮ್ಮ ಪಾಲಿನ ಬೈಗುಳ ಇನ್ನೂ ಬಾಕಿ ಇದೆ, ನೀವೇ ಬಂದು ಈಸಿಕೊಳ್ಳಿ ಅಂದಿದ್ದಾರೆ.

ಇನ್ನೊಂದು ವಿಷಯ ವಾಪಸು ಬರುವಾಗ ಹೊಳೆಯಿತು. ನಡುಮನೆಯಲ್ಲಿ ರ್ಯಾಕು, ಒಳಮನೆಯಲ್ಲಿ ರ್ಯಾಕು. ಅಡಿಗೆಮನೆಗೆ ಹೋಗಬೇಕಾದರೂ ಹುಳದ ನಡುವೆಯೇ ಹೋಗಬೇಕು. ನಾನು ನಿಮ್ಮನ್ನು ಹುಳದ ಮನೆಯ ಬಾಗಿಲಲ್ಲಿ ನಿಲ್ಲಿಸಿದೆ ಅಂದುಕೊಂಡಿದ್ದೆ. ನಮಗೆ ಇರುವುದು ಒಂದೇ ಬಾಗಿಲು. ಅದಕ್ಕೇ ಇವತ್ತು ಬೆಳಿಗ್ಗೆ ಒಳಮನೆಯ ರ್ಯಾಕು ಬಿಚ್ಚಿಸಿ, ಹುಳವನ್ನೆಲ್ಲ ನಡುಮನೆಗೆ ಒತ್ತೊತ್ತಾಗಿ ಸರಿಸಿ, ನಡುವೆ ಪ್ಲಾಸ್ಟಿಕ್ ಪರದೆ ಕಟ್ಟಿಸಿದೆ. ರ್ಯಾಕಿನ ಹಿಂದೆ ಮುಚ್ಚಿಹೋಗಿದ್ದ ಹಿತ್ತಲ ಬಾಗಿಲನ್ನು ತೆಗೆಸಿದ್ದೇನೆ, ಅಡಿಗೆಮನೆಗೂ ಅಲ್ಲಿಂದಲೇ ದಾರಿ. ನಿಮ್ಮ ಮಂಚ ಹಾಕಿಸಿ ಆಯಿತು. ಕೆಂಚಮ್ಮ, "ಇಷ್ಟು ಒತ್ತಾಕುದ್ರೆ ಹುಳ ಬಡಕ್ಲಾಯ್ತವೆ, ಗೂಡು ಗಟ್ಟಿ ಬರಾಕಿಲ್ಲ ಕಣಕ್ಕಾ" ಅಂತ ಗೊಣಗಿದಳು. ನನಗೆ ಗೊತ್ತಿಲ್ಲದ್ದೇನಲ್ಲ. ಈ ಬೆಳೆ ಸ್ವಲ್ಪ ಬಡಕಲಾದರೆ ಆಗಲಿ ಬಿಡು ಅಂದೆ.

ಭಾನುವಾರ ಬನ್ನಿ. ಹಿತ್ತಲ ಕಡೆಯಿಂದ ಬನ್ನಿ. ಕೈಗೆ ಮುಲಾಮು ಹಚ್ಚಿಕೊಂಡೇ ಬನ್ನಿ, ಯಾರೂ ಮೂಸಿ ನೋಡುವುದಿಲ್ಲ.

ಇಂತಿ,
ಸಿಟ್ಟು ಇನ್ನೂ ಇಳಿಯದ ನಿಮ್ಮ
ನಾಗಲಕ್ಷ್ಮಿ

ಮರೆತಿದ್ದು: ಮುಲಾಮು ಹಚ್ಚಿದರೆ ಉರಿಯುತ್ತೆ ಅನ್ನುವ ನೆಪ ಬೇಡ. ನಿನ್ನೆ ಡಾಕ್ಟರಮ್ಮ ನನ್ನ ಕೈಯನ್ನೂ ತಿರುಗಿಸಿ ನೋಡಿ, ನಿಮ್ಮದೇನು ಕಡಿಮೆ ಇಲ್ಲವಲ್ಲ ಅಂತ ನನಗೂ ಒಂದು ಡಬ್ಬಿ ಕೊಟ್ಟರು. ಮೊದಲು ಒಂದು ಗಳಿಗೆ ಚುರುಗುಟ್ಟುತ್ತೆ, ಆಮೇಲೆ ತಣ್ಣಗಾಗುತ್ತೆ. ಜಿಡ್ಡು ಕೈಯಲ್ಲಿ ಸೊಪ್ಪು ಮುಟ್ಟುವಂತಿಲ್ಲ. ಹಾಗಾಗಿ ನಿನ್ನೆಯಿಂದ ಹುಳಕ್ಕೆ ಸೊಪ್ಪು ಹಾಕುತ್ತಿರುವುದು ಕೆಂಚಮ್ಮ. ನಾನೂ ಹಿತ್ತಲಲ್ಲೇ ಇದ್ದೇನೆ.