ಗಡ್ಡೆಯ ನೆರೆಹೊರೆ

ಗೆಳೆಯಾ,

ನೀನು ತೀರಿಕೊಂಡು ಎರಡು ವರ್ಷಗಳಾದ ಮೇಲೆ ನಿನಗೊಂದು ವರದಿ ಒಪ್ಪಿಸುತ್ತಿದ್ದೇನೆ. ಇಪ್ಪತ್ತೆಂಟು ವರ್ಷಗಳ ಹಿಂದೆ ನಾವಿಬ್ಬರೂ ಒಂದೇ ಸೂಕ್ಷ್ಮದರ್ಶಕದ ಮುಂದೆ ಕುಳಿತು ಪರೀಕ್ಷಿಸಿದ ಆ ಶ್ವಾಸಕೋಶದ ಗಡ್ಡೆ ಮೇಣದ ಅಚ್ಚಿನಲ್ಲಿ ಕೆಡದೆ ಉಳಿದಿತ್ತು. ನನ್ನ ಮಗಳು ಈಗ ಅದೇ ಪ್ರಯೋಗಾಲಯದಲ್ಲಿದ್ದಾಳೆ. ಅವಳು ಅದರ ಒಂದು ಚೂರನ್ನು ಬಿಡಿಸಿ ಒಂದೊಂದು ಜೀವಕೋಶದ ಸ್ವಭಾವವನ್ನೂ ಪ್ರತ್ಯೇಕವಾಗಿ ಓದಿದಳು. ಬಳಿಕ ಇನ್ನೊಂದು ತೆಳುಪದರದಲ್ಲಿ ಯಾವ ಕೋಶ ಎಲ್ಲಿ ನಿಂತಿದೆಯೆಂದು ನಕ್ಷೆ ಬರೆದಳು. ಅದರ ಬಗ್ಗೆ ಬರೆದ ಪ್ರಬಂಧವನ್ನು ಅಚ್ಚಿಗೆ ಕಳಿಸುವ ಮುನ್ನ, ಇಂದು ಬೆಳಿಗ್ಗೆ, ಆ ನಕ್ಷೆಯನ್ನು ತೋರಿಸಲು ಕರೆದಳು.

“ನೋಡಿ ಅಪ್ಪಾ, ರಕ್ಷಣೆಗೆ ಬಂದ ಕೋಶಗಳೆಲ್ಲ ಹೊರಗೇ ಸಾಲುಗಟ್ಟಿವೆ. ಸುತ್ತ ಇರೋ ಈ ನಾರಿನ ಕೋಶಗಳು ಒಳಗೇ ಬಿಡ್ತಿಲ್ಲ,” ಎಂದಳು. ಆಮೇಲೆ ಆ ಗಡ್ಡೆಯ ಹಳೆಯ ವರದಿಯನ್ನು ಮುಂದಿಟ್ಟು, “ಇದನ್ನೇ ಯಾರೋ ಆಗಲೇ ಬರೆದಿದ್ದಾರೆ. ಅದರ ಮೇಲೆ ಗೀಟು ಎಳೆದ ಪುಣ್ಯಾತ್ಮ ಯಾರು?” ಎಂದು ಕೇಳಿದಳು.

“ನಾನೇ,” ಎಂದೆ.

ಗಡ್ಡೆಯನ್ನು ಬಿಟ್ಟು ಅದರ ನೆರೆಹೊರೆಯನ್ನು ನೋಡುವವನೆಂದು ನಿನ್ನನ್ನು ‘ನೆರೆಮನೆ ಪಂಡಿತ’ ಎಂದು ಎಲ್ಲರೆದುರು ಹಂಗಿಸಿದವನೂ ನಾನೇ ಎಂಬುದನ್ನು ಹೇಳಲಿಲ್ಲ. ಆ ವಾರವೇ ನೀನು ನಿನ್ನ ಮೇಜನ್ನು ಖಾಲಿ ಮಾಡಿದೆ, ನಾನು ತಡೆಯಲಿಲ್ಲ.

ಅವಳ ಪ್ರಬಂಧದ ಕೊನೆಗೆ ಎರಡು ವಾಕ್ಯಗಳನ್ನು ಬರೆಸಿದ್ದೇನೆ. ಈ ಗಡ್ಡೆಯನ್ನು ಮೊದಲು ಸರಿಯಾಗಿ ಓದಿದವನು ನೀನು. ಆ ಓದನ್ನು ಹೊಡೆದುಹಾಕಿದವನು ನಾನು.

“ಎರಡನೇದು ಬೇಡ ಅಪ್ಪಾ. ಯಾರಾದ್ರೂ ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕ್ಕೊಳ್ತಾರಾ?” ಎಂದು ಅಳಿಸಲು ಹೋದಳು.

“ಒಂದಕ್ಷರವನ್ನೂ ಮುಟ್ಟಬೇಡ,” ಎಂದೆ.

ಮಧ್ಯಾಹ್ನದೊಳಗೆ ಪ್ರಬಂಧವು ಎರಡೂ ವಾಕ್ಯಗಳೊಂದಿಗೆ ಅಚ್ಚಿಗೆ ಹೊರಟಿತು.