ಟಿವಿಯ ಸದ್ದು ಏರಿಸುತ್ತಿದ್ದ ವಠಾರ

ಚಾಮರಾಜಪೇಟೆ, ಬೆಂಗಳೂರು
16 ಜನವರಿ 2025

ಚಿ. ಸೌ. ಮಹಾನಂದಳಿಗೆ ನಿನ್ನ ತಂದೆಯ ಮನಃಪೂರ್ವಕ ಆಶೀರ್ವಾದಗಳು.

ನಾನು ಕ್ಷೇಮವಾಗಿದ್ದೇನೆ. ನಿನ್ನ ಕ್ಷೇಮವನ್ನು ನಿನ್ನ ಬಾಯಿಂದಲೇ ಕೇಳಿ ಬಹಳ ದಿನಗಳಾದವು. ನೀನಿರುವ ತ್ಯಾಗರಾಜನಗರವೇನೂ ದೂರವಲ್ಲ. ಆದರೂ ಫೋನು ಮಾಡಿದಾಗಲೆಲ್ಲ ಅಳಿಯಂದಿರೇ ತೆಗೆದುಕೊಂಡು, ನೀನು ಸ್ನಾನಕ್ಕೆ ಹೋಗಿರುವುದಾಗಿ ತಿಳಿಸುತ್ತಾರೆ. ಪತ್ರ ತಡವಾದುದಕ್ಕೂ, ಅದನ್ನು ಮನೆಗೆ ಬರೆಯದೆ ನೀನು ಪಾಠ ಹೇಳುವ ಶಾಲೆಯ ವಿಳಾಸಕ್ಕೆ ಬರೆಯುತ್ತಿರುವುದಕ್ಕೂ ಮನ್ನಿಸಬೇಕು.

ನಮ್ಮ ಪಕ್ಕದ ಮನೆಯ ಬಿಂದು ದಸರೆಗೆ ಮುಂಚೆ ಗಂಡನ ಹೊಡೆತದಿಂದ ತೀರಿಕೊಂಡದ್ದು ನಿನಗೆ ಗೊತ್ತು. ಅನಿಲ್ ಕುಮಾರ್ ಈಗ ಜೈಲಿನಲ್ಲಿದ್ದಾನೆ. ಆ ಹೊಡೆತ ಬಹುಕಾಲದಿಂದ ನಡೆದಿದ್ದರೂ ವಠಾರದ ಒಬ್ಬರೂ ಪೊಲೀಸರಿಗೆ ತಿಳಿಸಲಿಲ್ಲವೆಂಬ ಕಾರಣದಿಂದ, ನಮ್ಮ ಬೀದಿಯ ಸಂಘದವರು ಇನ್ನೊಂದು ವರ್ಷ ನಮ್ಮ ಯಾವ ಮನೆಯವರಿಗೂ ಸಂಘದ ಕಲ್ಯಾಣ ಮಂಟಪವನ್ನು ಕೊಡಕೂಡದೆಂದು ತೀರ್ಮಾನಿಸಿದ್ದಾರೆ.

ಇದರಿಂದ ಪೆಟ್ಟು ಬಿದ್ದದ್ದು ಸರ್ವಮಂಗಳಾ ಅವರಿಗೆ. ದೀಪಾವಳಿ ಕಳೆದ ಮೇಲೆ ವಠಾರಕ್ಕೆ ಬಂದವರು. ಮಗಳು ಐಶ್ವರ್ಯಳ ಮದುವೆ ಬರುವ ತಿಂಗಳು, ಅದೇ ಮಂಟಪದ ಹೆಸರಿನಲ್ಲಿ ಲಗ್ನಪತ್ರಿಕೆ ಹಂಚಿಯಾಗಿದೆ.

“ನಾವು ಆ ಹುಡುಗಿ ಮುಖಾನೇ ನೋಡಿಲ್ಲ, ನಂಜಪ್ಪನೋರೆ. ಬೀಗರಿಗೆ ಏನಂತ ಹೇಳ್ಲಿ?” ಎಂದು ನನ್ನ ಬಾಗಿಲಲ್ಲಿ ಕುಳಿತು ಅತ್ತರು.

ಕಚೇರಿಯಲ್ಲಿ ಜೀವಮಾನವೆಲ್ಲ ಮನವಿಗಳನ್ನು ನಕಲು ಮಾಡಿದ ಕೈ ನನ್ನದು. ನಿರಪರಾಧಿಗಳನ್ನು ಅಪರಾಧಿಗಳೊಡನೆ ಸೇರಿಸಿ ದಂಡಿಸುವುದು ನ್ಯಾಯಸಮ್ಮತವಲ್ಲವೆಂದೂ, ಸದರಿ ವಿಷಯವು ನಿವಾಸಿಗಳ ಗಮನಕ್ಕೆ ಬಂದಿರಲಿಲ್ಲವೆಂದೂ ಸವಿನಯವಾಗಿ ಬರೆದು ಕೊಂಡೊಯ್ದೆ. ಸಂಘದ ಅಧ್ಯಕ್ಷ, ನಿನ್ನ ಜೊತೆ ಓದಿದ ಕೈಲಾಸ್, ಪೂರ್ತಿ ಓದಿದ.

“ಬರವಣಿಗೆ ಫ್ರೇಮ್ ಹಾಕ್ಸೋ ಹಾಗಿದೆ ಅಂಕಲ್. ಆದ್ರೆ ನಿಮ್ಮ ವಠಾರದ ಟಿವಿಗಳೆಲ್ಲ ಒಂದೇ ಸಲ ಜೋರಾಗ್ತಿದ್ದದ್ದು ಬೀದಿಗೇ ಕೇಳಿಸ್ತಿತ್ತು.”

“ಕೇಳಿಸ್ತಿತ್ತಲ್ಲಪ್ಪ, ನೀನೇನು ಮಾಡ್ದೆ?”

ಅವನು ಮನವಿಯನ್ನು ಮಡಿಚಿ ನನ್ನ ಕೈಗೇ ಹಿಂದಿರುಗಿಸಿ ಹೇಳಿದ: “ನಮಗೆ ಕೇಳಿಸಿದ್ದು ಟಿವಿ. ನಿಮಗೆ ಕೇಳಿಸಿದ್ದು ಅವಳು. ಯಾರ್ಯಾರಿಗೆ ಕೇಳಿಸ್ತು ಅಂತ ಅವರೇ ಸೈನ್ ಮಾಡಿ ಕೊಡ್ಲಿ. ಮಿಕ್ಕೋರಿಗೆ ಮಂಟಪ ಬಿಟ್ಕೊಡ್ತೀವಿ.”

ಒಂದು ಮನೆಯಲ್ಲಿ ಜಗಳವೆದ್ದರೆ ಉಳಿದವರು ಟಿವಿಯ ಸದ್ದು ಏರಿಸುವುದು ನಮ್ಮ ರೂಢಿಯಲ್ಲವೇ? ಒಬ್ಬರ ಮಾನ ಇನ್ನೊಬ್ಬರ ಕಿವಿಗೆ ಬೀಳಬಾರದೆಂಬ ಸೌಜನ್ಯವದು. ನಿನಗೂ ನಾವು ಅದನ್ನೇ ಕಲಿಸಿದೆವು.

ಮನೆಮನೆಗೂ ಹೋದೆ. ಧಾರಾವಾಹಿಯ ಒಂದು ಮಾತನ್ನೂ ತಪ್ಪಿಸದ ಸುಬ್ಬಮ್ಮ, “ನಂಗೆ ಕಿವಿ ಮಂದ ಅಲ್ವೇನಪ್ಪ” ಎಂದರು. ದೊರೆಸ್ವಾಮಿ, “ಎಲ್ಲಾರ್ಗೂ ಶಿಕ್ಷೆ ಆಗಿದ್ಯಲ್ಲ ಬಿಡಿ ಸಾರ್, ಒಬ್ಬೊಬ್ರೇ ಯಾಕೆ ಸಿಕ್ಕಾಕ್ಕೋಬೇಕು?” ಎಂದ. ಅವನ ಮಾತು ಕೇಳಿ ನನಗೆ ನಾಚಿಕೆಯಾಯಿತು, ಏಕೆಂದರೆ ನನ್ನ ಮನವಿಯ ಒಳದನಿಯೂ ಅದೇ ಆಗಿತ್ತು. ದಂಡ ಎಲ್ಲರ ಮೇಲೆ ಬಿದ್ದಿರುವವರೆಗೆ ನಮ್ಮಲ್ಲಿ ಯಾರೂ ತನ್ನ ಪಾಲನ್ನು ನೋಡಿಕೊಳ್ಳಬೇಕಾಗಿರಲಿಲ್ಲ.

ಹಳೆಯ ಮನವಿಯನ್ನು ಹರಿದು, ಗೋಡೆಯಾಚೆಯ ಕೂಗು ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತೆಂದು ಬರೆದು ನಾನೊಬ್ಬನೇ ಸಹಿ ಹಾಕಿದೆ. ಐಶ್ವರ್ಯಳಿಗೆ ಮಂಟಪ ಸಿಕ್ಕಿತು. ಈಗ ನಲ್ಲಿಯ ಬಳಿ ನಾನು ಹೋದರೆ ಮಾತು ನಿಲ್ಲುತ್ತದೆ. ಕೇಳಿಸದವರೆಲ್ಲ ಸೇರಿ ಕೇಳಿಸಿಕೊಂಡವನನ್ನು ದೂರವಿಟ್ಟಿದ್ದಾರೆ.

ನಿನಗೆ ಆಯುರಾರೋಗ್ಯವೂ ನೆಮ್ಮದಿಯೂ ದೊರೆಯಲೆಂದು ಹಾರೈಸುವ,

ನಿನ್ನ ತಂದೆ
ನಂಜಪ್ಪ

ವಿ.ಸೂ.: ದೀಪಾವಳಿಗೆ ಬಂದಾಗ ನಿನ್ನ ಮುಂಗೈಯ ಮೇಲಿದ್ದ ಕಲೆಯನ್ನು ಕುಕ್ಕರಿನ ಹಬೆ ತಾಗಿದ್ದು ಎಂದು ನೀನು ಹೇಳಿದೆ. ಹಬೆಗೆ ಬೆರಳುಗಳಿರುವುದಿಲ್ಲ, ತಾಯಿ. ನನಗೆ ಅಂದೇ ಗೊತ್ತಾಯಿತು. ಗೊತ್ತಾಗಿಯೂ ಎದ್ದು ಹೋಗಿ ಟಿವಿ ಹಾಕಿದೆ. ಸೋಮವಾರ ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ನಿಂತಿರುತ್ತೇನೆ, ನೀನು ನನ್ನೊಡನೆ ಬಾ. ಅಲ್ಲಿಯವರೆಗೆ ಒಂದನ್ನು ಮಾತ್ರ ತಿಳಿಸು. ನಿಮ್ಮ ಗೋಡೆಯಾಚೆ ಯಾರಿದ್ದಾರೆ? ಅವರೂ ಟಿವಿಯ ಸದ್ದು ಏರಿಸುತ್ತಾರೆಯೇ?