ಒಂದು ರುಜುವಿನ ಕದನವಿರಾಮ

ಹಾಸನ,
ಶುಕ್ರವಾರ

ಶ್ರೀಮಾನ್ ಕೃಷ್ಣಪ್ಪ ದೊಡ್ಡಪ್ಪನವರ ಪಾದಗಳಿಗೆ, ಶತ್ರುಪಾಳಯದಿಂದ ಲೋಹಿತನ ನಮಸ್ಕಾರಗಳು.

ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆ ಯಾರ ಪಾಲಿಗೆ ಎಂದು ನೀವೂ ಅಪ್ಪನೂ ಜಗಳವಾಡಿ ಮಾತು ಬಿಟ್ಟ ಮೇಲೆ, ಎರಡು ಮನೆಗಳ ನಡುವೆ ಕೋಳಿಗಳು ಮಾತ್ರ ಓಡಾಡುತ್ತಿವೆ. ನಾನು ಕೋಳಿಯಲ್ಲವಾದ್ದರಿಂದ ಬರೆದು, ಊರಿನ ಬಸ್ಸಿನವರ ಕೈಯಲ್ಲಿ ಕಳಿಸುತ್ತಿದ್ದೇನೆ.

ನನ್ನ ಸ್ಕಾಲರ್‌ಶಿಪ್ ಬಂದಿದೆ. ಆದರೆ ಅದು ಹಾಸನದ ಹೊಸ ಖಾತೆಗೆ ಬಾರದೆ, ನಾನು ಶಾಲೆಯಲ್ಲಿದ್ದಾಗ ಕೊಣನೂರಿನಲ್ಲಿ ತೆರೆದ ಹಳೆಯ ಖಾತೆಗೆ ಹೋಗಿ ಕೂತಿದೆ. ನನ್ನ ಆಧಾರ್ ಇನ್ನೂ ಅದಕ್ಕೇ ಜೋಡಿಯಾಗಿತ್ತಂತೆ. ಆಗ ಮನೆ ಒಂದೇ, ಯಜಮಾನರು ನೀವೇ. ಹಾಗಾಗಿ ಖಾತೆ ನಮ್ಮಿಬ್ಬರ ಹೆಸರಿನಲ್ಲಿದೆ. ನಿಮ್ಮ ರುಜುವಿಲ್ಲದೆ ಒಂದು ರೂಪಾಯಿಯೂ ಈಚೆಗೆ ಬರುವುದಿಲ್ಲ.

ಸೋಮವಾರ ಸಂಜೆಯೊಳಗೆ ಫೀಸು ಕಟ್ಟದಿದ್ದರೆ ಕೊನೆಯ ವರ್ಷದ ಪರೀಕ್ಷೆಗೆ ಕೂರಿಸುವುದಿಲ್ಲ. ಸಾಲ ಕೇಳಬಹುದಾದವರನ್ನೆಲ್ಲ ಕೇಳಿಯಾಯಿತು. ಅಪ್ಪ, "ಅವನ ಬಾಗ್ಲು ತುಳುದ್ರೆ ಕಾಲ್ ಮುರೀತೀನಿ ಕಣ್ಲಾ" ಅಂದಿದ್ದಾರೆ. ಬ್ಯಾಂಕಿನ ಬಾಗಿಲಿನ ಬಗ್ಗೆ ಏನೂ ಹೇಳಿಲ್ಲ.

ಆದ್ದರಿಂದ ಸಂಧಾನದ ಷರತ್ತುಗಳನ್ನು ವಿನಯದಿಂದ ಮುಂದಿಡುತ್ತೇನೆ. ಸೋಮವಾರ ಬೆಳಗ್ಗೆ ಕೊಣನೂರಿನ ಬ್ಯಾಂಕಿಗೆ ಬನ್ನಿ. ನನ್ನ ಮುಖ ನೋಡಬೇಡಿ, ಮಾತಾಡಿಸಲೂಬೇಡಿ. ರುಜು ಹಾಕಿ ಹೊರಟುಬಿಡಿ. ಮಧ್ಯಾಹ್ನದಿಂದ ಯುದ್ಧ ಎಂದಿನಂತೆ ನಡೆಯಲಿ.

ಫೋನಿನಲ್ಲಿ ಅವ್ವ, "ನಿನ್ ತಮಾಸೆ ಬುಟ್ಟು ನೆಟ್ಟಗೆ ಬರಿ ಕಣ್ಲಾ, ಬತ್ತಾರೆ" ಅಂದಳು. ನೆಟ್ಟಗೆ ಬರೆಯಲು ಕೂತು ಮೂರು ಹಾಳೆ ಹರಿದು ಹಾಕಿದೆ ದೊಡ್ಡಪ್ಪ. ಬ್ಯಾಂಕು ತೆಗೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ನಿಂತಿರುತ್ತೇನೆ. ಬಂದುಬಿಡಿ.

ಇಂತಿ ನಿಮ್ಮ ಜಂಟಿ ಖಾತೆದಾರ,
ಲೋಹಿತ